ಬಡ ದೇಶ ಮುಂದೆ ಬರಲು ಯಾವ ದಾರಿ ಹಿಡಿಯಬೇಕು? ಇರುವ ಆಯ್ಕೆಗಳ ಹೋಲಿಕೆ

ಬಡ ದೇಶವೊಂದು ಬೇಗ ಬೆಳೆಯಲು ಏನು ಮಾಡಬೇಕು ಎಂದು ಕೇಳಿದರೆ ಒಬ್ಬರು ದಕ್ಷಿಣ ಕೊರಿಯಾ ಕಡೆ ಕೈ ತೋರಿಸುತ್ತಾರೆ, ಇನ್ನೊಬ್ಬರು ಸಿಂಗಪುರದ ಕಡೆ. ಕಾರ್ಖಾನೆಗಳ ಕಾಲ ಮುಗಿಯಿತು, ಇನ್ನು ಸಾಫ್ಟ್‌ವೇರೇ ಗತಿ ಅನ್ನುವವರಿದ್ದಾರೆ. ಮೊದಲು ರೈತನ ಕೈಗೆ ದುಡ್ಡು ಬರಲಿ, ಉಳಿದದ್ದು ಆಮೇಲೆ ಅನ್ನುವವರೂ ಇದ್ದಾರೆ. ಅರ್ಥಶಾಸ್ತ್ರ ಓದುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವವರು, ಚುನಾವಣೆಯ ಪ್ರಣಾಳಿಕೆ ಓದಿ ತಲೆ ಕೆಡಿಸಿಕೊಂಡವರು ಎಲ್ಲರೂ ಸಿಕ್ಕಿಕೊಳ್ಳುವುದು ಒಂದೇ ಕಡೆ. ಯಾರ ವಾದ ಕೇಳಿದರೂ ಅದೇ ಸರಿ ಅನಿಸುತ್ತದೆ.

ಇದು ಸುಮ್ನೆ ಹರಟೆಯ ವಿಷಯವೂ ಅಲ್ಲ. ವರ್ಷಕ್ಕೆ ಶೇ. 2ರಂತೆ ಬೆಳೆಯುವ ದೇಶದ ಆದಾಯ ಎರಡು ಪಟ್ಟಾಗಲು ಸುಮಾರು 35 ವರ್ಷ ಬೇಕು. ಶೇ. 7ರಂತೆ ಬೆಳೆದರೆ 10 ವರ್ಷ ಸಾಕು. ಮೊದಲನೆಯ ದೇಶದಲ್ಲಿ ಹುಟ್ಟಿದ ಹುಡುಗಿ ತಾನೇ ತಾಯಿಯಾಗಿ ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತಿಗೆ ಬರುವ ಬದಲಾವಣೆ, ಎರಡನೆಯ ದೇಶದಲ್ಲಿ ಅವಳು ಪ್ರಾಥಮಿಕ ಶಾಲೆ ಮುಗಿಸುವ ಮೊದಲೇ ಬಂದಿರುತ್ತದೆ.

ಆದರೆ ಅಂಥ ಓಟ ತುಂಬಾ ಅಪರೂಪ. 1950ರ ನಂತರ 25 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಕಾಲ ಸರಾಸರಿ ಶೇ. 7ರ ಬೆಳವಣಿಗೆ ಕಾಯ್ದುಕೊಂಡ ಅರ್ಥವ್ಯವಸ್ಥೆಗಳು 13 ಮಾತ್ರ ಎಂದು ಬೆಳವಣಿಗೆ ಆಯೋಗ ಎಂಬ ಅಂತರರಾಷ್ಟ್ರೀಯ ತಜ್ಞರ ತಂಡದ 2008ರ ವರದಿ ಲೆಕ್ಕ ಹಾಕಿತು. ವಿಶ್ವ ಬ್ಯಾಂಕಿನ ಇನ್ನೊಂದು ಲೆಕ್ಕವಿದೆ. 1960ರಲ್ಲಿ ಮಧ್ಯಮ ಆದಾಯದ ಸಾಲಿನಲ್ಲಿ 101 ಅರ್ಥವ್ಯವಸ್ಥೆಗಳಿದ್ದವು. 2008ರ ಹೊತ್ತಿಗೆ ಶ್ರೀಮಂತರ ಸಾಲಿಗೆ ಏರಿದ್ದು ಅವುಗಳಲ್ಲಿ 13. ಹಿಂದೆ ಉಳಿದವರಿಗೆ ಒಂದು ಅನುಕೂಲ ಇದ್ದೇ ಇದೆ: ಯಂತ್ರ, ಬೀಜ, ಔಷಧಿ, ವಿನ್ಯಾಸ ಎಲ್ಲವನ್ನೂ ಬೇರೆಯವರು ಆಗಲೇ ಕಂಡುಹಿಡಿದಿದ್ದಾರೆ. ಕಲಿತು ಬಳಸಿದರಾಯಿತು. ಆ ಕಲಿಕೆ ತಾನಾಗಿ ನಡೆಯುವುದಿಲ್ಲ ಅನ್ನುವುದೇ ತೊಂದರೆ.

ಮೊದಲು ಅಳತೆಗೋಲು

ದಾರಿಗಳನ್ನು ತೂಗುವ ಮೊದಲು ಯಾವುದರಿಂದ ತೂಗುತ್ತೇವೆ ಅನ್ನುವುದು ಗೊತ್ತಿರಬೇಕು. ನಾನು ಐದು ಪ್ರಶ್ನೆ ಇಟ್ಟುಕೊಳ್ಳುತ್ತೇನೆ.

ಎಷ್ಟು ಜನಕ್ಕೆ ಕೆಲಸ ಸಿಗುತ್ತದೆ, ಮತ್ತು ಆ ಕೆಲಸಕ್ಕೆ ಎಷ್ಟು ಓದಿರಬೇಕು? ಡಾಲರ್ ಬರುತ್ತದೆಯೇ? ಯಂತ್ರ, ಎಣ್ಣೆ, ಗೊಬ್ಬರ ತರಿಸಲು ವಿದೇಶಿ ವಿನಿಮಯ ಬೇಕೇ ಬೇಕು. ಚೆನ್ನಾಗಿ ಓಡುತ್ತಿದ್ದ ಎಷ್ಟೋ ದೇಶಗಳು ಮುಗ್ಗರಿಸಿದ್ದು ಇಲ್ಲೇ. ಮೂರನೆಯದು ಕಲಿಕೆ. ಇವತ್ತು ಅಂಗಿ ಹೊಲಿಯುವ ದೇಶ ನಾಳೆ ಹೊಲಿಗೆ ಯಂತ್ರ ಮಾಡುವಂತಾಗುತ್ತದೆಯೇ? ನಾಲ್ಕನೆಯದು ಸರ್ಕಾರದ ತಾಕತ್ತು: ಈ ದಾರಿಗೆ ಎಂಥ ಆಡಳಿತ ಬೇಕು, ಅದು ಇದೆಯೇ? ಕೊನೆಯದು, ಕೆಟ್ಟರೆ ಎಷ್ಟು ಕೆಡುತ್ತದೆ, ಆ ನಷ್ಟವನ್ನು ಯಾರು ಹೊರುತ್ತಾರೆ?

ಐದೂ ಮುಖ್ಯವೇ. ಆದರೂ ನನ್ನ ತಕ್ಕಡಿಯಲ್ಲಿ ಮೂರನೆಯದಕ್ಕೆ ತೂಕ ಜಾಸ್ತಿ. ಯಾಕೆ ಅನ್ನುವುದು ಮುಂದೆ ಉದಾಹರಣೆಗಳಲ್ಲಿ ಕಾಣುತ್ತದೆ.

ಹೊಲದಿಂದ ಶುರು ಮಾಡುವುದು

ಬಡ ದೇಶದಲ್ಲಿ ಹೆಚ್ಚಿನ ಜನ ಇರುವುದೇ ಹೊಲದಲ್ಲಿ. ಹಾಗಾಗಿ ಕಡಿಮೆ ದುಡ್ಡಿನಲ್ಲಿ ಬೇಗ ಫಲ ಕೊಡುವ ದಾರಿ ಇದು. ತೈವಾನ್ 1949ರಲ್ಲಿ ಗೇಣಿಯನ್ನು ಮುಖ್ಯ ಬೆಳೆಯ ಶೇ. 37.5ಕ್ಕೆ ಇಳಿಸಿತು. 1953ರಲ್ಲಿ ಉಳುವವನಿಗೇ ಭೂಮಿ ಕೊಟ್ಟಿತು. ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲೂ ಎರಡನೇ ಮಹಾಯುದ್ಧದ ನಂತರ ಹೀಗೇ ಆಯಿತು. ತನ್ನದೇ ನೆಲ ಆದಾಗ ರೈತ ಕುಟುಂಬ ಮೈಮುರಿದು ದುಡಿಯುತ್ತದೆ. ಎಕರೆಗೆ ಇಳುವರಿ ಏರುತ್ತದೆ. ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆ.

ಚೀನಾದ್ದು ಇನ್ನೂ ಚುರುಕಿನ ಕಥೆ. 1978ರಲ್ಲಿ ಅನ್ಹುಯಿ ಪ್ರಾಂತ್ಯದ ಶಿಯಾಗಾಂಗ್ ಹಳ್ಳಿಯ 18 ಮನೆಯವರು ಸಾಮೂಹಿಕ ಜಮೀನನ್ನು ಗುಟ್ಟಾಗಿ ಮನೆಮನೆಗೆ ಹಂಚಿಕೊಂಡರು. ಆಗ ಅದು ಜೈಲಿಗೆ ಕಳಿಸಬಹುದಾದ ಕೆಲಸ. ಬೆಳೆ ಚೆನ್ನಾಗಿ ಬಂತು. ಸರ್ಕಾರ ಕಣ್ಣು ಮುಚ್ಚಿಕೊಂಡಿತು, ಆಮೇಲೆ ಅದನ್ನೇ ನೀತಿ ಮಾಡಿತು. 1978ರಲ್ಲಿ ಸುಮಾರು 30 ಕೋಟಿ ಟನ್ ಇದ್ದ ಆಹಾರ ಧಾನ್ಯ 1984ರಲ್ಲಿ 40 ಕೋಟಿ ಟನ್ ದಾಟಿತು.

ಇದಕ್ಕೆ ಎರಡು ಮಿತಿಗಳಿವೆ. ಈ ಜಿಗಿತ ಒಂದೇ ಸಲ ಬರುತ್ತದೆ. ಬರೀ ಬತ್ತ, ಗೋಧಿ ಬೆಳೆದು ಶ್ರೀಮಂತವಾದ ದೊಡ್ಡ ದೇಶ ನನಗೆ ಕಾಣುವುದಿಲ್ಲ. ಎರಡನೆಯದು ರಾಜಕೀಯ. ತೈವಾನಿನಲ್ಲಿ ಆಳುತ್ತಿದ್ದವರು ಚೀನಾದಿಂದ ಬಂದವರು, ಸ್ಥಳೀಯ ಜಮೀನ್ದಾರರ ಹಂಗು ಅವರಿಗಿರಲಿಲ್ಲ. ಜಪಾನಿನಲ್ಲಿ ಅಮೆರಿಕದ ಸೇನೆ ಕೂತಿತ್ತು. ಜಮೀನ್ದಾರರೇ ಶಾಸನಸಭೆಯಲ್ಲಿ ಕೂತಿರುವ ಕಡೆ ಭೂಸುಧಾರಣೆ ಕಾಗದದಲ್ಲೇ ಉಳಿಯುತ್ತದೆ. ಅಂಥ ಕಡೆ ನೀರಾವರಿ, ರಸ್ತೆ, ಬೀಜ, ಸಾಲ ಇವುಗಳಿಂದಲಾದರೂ ಶುರು ಮಾಡಬಹುದು. ಫಲ ಕಡಿಮೆ, ಆದರೆ ವಿರೋಧವೂ ಕಡಿಮೆ.

ಆಮದು ತಡೆದು ಒಳಗೇ ತಯಾರಿಸುವುದು

ಹೊರಗಿನ ಸರಕಿಗೆ ಭಾರೀ ಸುಂಕ ಹಾಕಿ, ನಮ್ಮಲ್ಲೇ ಕಾರ್ಖಾನೆ ಬೆಳೆಸುವ ದಾರಿ. ಎರಡನೇ ಮಹಾಯುದ್ಧದ ನಂತರ ಬ್ರೆಜಿಲ್, ಅರ್ಜೆಂಟೀನಾ, ಮೆಕ್ಸಿಕೊ, ಭಾರತ ಎಲ್ಲವೂ ಇದನ್ನು ಹಿಡಿದವು. ಶುರುವಿನಲ್ಲಿ ಕೆಲಸವೂ ಮಾಡಿತು. ಬ್ರೆಜಿಲ್ 1968ರಿಂದ 1973ರ ತನಕ ವರ್ಷಕ್ಕೆ ಶೇ. 10ರ ಆಸುಪಾಸಿನಲ್ಲಿ ಬೆಳೆಯಿತು.

ತೊಂದರೆ ನಿಧಾನವಾಗಿ ಬರುತ್ತದೆ. ಒಳಗಿನ ಗಿರಾಕಿಗೆ ಬೇರೆ ದಾರಿ ಇಲ್ಲ ಅಂದಮೇಲೆ ಕಂಪನಿ ಯಾಕೆ ಸುಧಾರಿಸಬೇಕು? ಹಳೇ ಮಾದರಿಯನ್ನೇ ದಶಕಗಟ್ಟಲೆ ಮಾರಬಹುದು. ಇನ್ನೊಂದು ಕಡೆ, ಸರಕಿನ ಆಮದು ನಿಂತರೂ ಯಂತ್ರ ಮತ್ತು ಬಿಡಿಭಾಗಗಳ ಆಮದು ನಿಲ್ಲುವುದಿಲ್ಲ. ರಫ್ತು ಇಲ್ಲದೆ ಅದಕ್ಕೆ ಡಾಲರ್ ಎಲ್ಲಿಂದ? ಸಾಲದಿಂದ. 1982ರಲ್ಲಿ ಮೆಕ್ಸಿಕೊ ಸಾಲ ತೀರಿಸಲಾಗದು ಎಂದು ಕೈಚೆಲ್ಲಿತು. ಲ್ಯಾಟಿನ್ ಅಮೆರಿಕ ಪೂರ್ತಿ ಒಂದು ದಶಕ ಕಳೆದುಕೊಂಡಿತು. ಭಾರತ 1991ರಲ್ಲಿ ಚಿನ್ನ ಅಡವಿಡುವ ಸ್ಥಿತಿಗೆ ಬಂತು.

ಹಾಗಂತ ರಕ್ಷಣೆಯೇ ತಪ್ಪು ಅಂತ ತೀರ್ಮಾನಿಸಬೇಡಿ. 1969ರಲ್ಲಿ ಬ್ರೆಜಿಲ್ ಸರ್ಕಾರ ಶುರು ಮಾಡಿದ ಎಂಬ್ರಾಯರ್ ಇವತ್ತು ಜಗತ್ತಿಗೆ ವಿಮಾನ ಮಾರುತ್ತದೆ. ಅದು ಬೇಗನೇ ಹೊರಗಿನ ಗಿರಾಕಿಯ ಮುಂದೆ ನಿಂತಿತು. ಕೊರಿಯಾ ಕೂಡ ತನ್ನ ಮಾರುಕಟ್ಟೆಯನ್ನು ಬಿಗಿಯಾಗಿ ಮುಚ್ಚಿಕೊಂಡೇ ಬೆಳೆದದ್ದು. ವ್ಯತ್ಯಾಸ ಎಲ್ಲಿದೆ ಅನ್ನುವುದನ್ನು ನಿಧಾನವಾಗಿ ನೋಡಬೇಕು.

ಕೊರಿಯಾ ದಾರಿ: ಸ್ವಂತ ಕಂಪನಿ, ಹೊರಗಿನ ಮಾರುಕಟ್ಟೆ

1961ರಲ್ಲಿ ಸೇನೆಯ ಬಲದಿಂದ ಅಧಿಕಾರ ಹಿಡಿದ ಪಾರ್ಕ್ ಚುಂಗ್-ಹೀ ಬ್ಯಾಂಕುಗಳನ್ನು ಸರ್ಕಾರದ ಹಿಡಿತಕ್ಕೆ ತಂದರು. ಸಾಲ ಯಾರಿಗೆ ಅನ್ನುವುದು ಅವರ ಕೈಗೆ ಬಂತು. ನಿಯಮ ಸರಳ: ರಫ್ತು ಮಾಡಿ ತೋರಿಸಿದವರಿಗೆ ಅಗ್ಗದ ಸಾಲ. ತಿಂಗಳಿಗೊಮ್ಮೆ ರಫ್ತು ಸಭೆ ನಡೆಯುತ್ತಿತ್ತು, ಅಧ್ಯಕ್ಷರೇ ಕೂತು ಲೆಕ್ಕ ಕೇಳುತ್ತಿದ್ದರು. 1964ರಲ್ಲಿ 10 ಕೋಟಿ ಡಾಲರ್ ಇದ್ದ ರಫ್ತು 1977ರಲ್ಲಿ 1,000 ಕೋಟಿ ಡಾಲರ್ ಮುಟ್ಟಿತು. ಹದಿಮೂರು ವರ್ಷದಲ್ಲಿ ನೂರು ಪಟ್ಟು!

ಈ ರಫ್ತಿನ ಷರತ್ತು ಯಾಕೆ ಇಷ್ಟು ಮುಖ್ಯ? ಒಳಗಿನ ಅಧಿಕಾರಿಗೆ ಲಂಚ ಕೊಟ್ಟು ಒಳ್ಳೆಯ ವರದಿ ಬರೆಸಿಕೊಳ್ಳಬಹುದು. ದೂರದ ಊರಿನ ಅಪರಿಚಿತ ಗಿರಾಕಿಗೆ ಲಂಚ ಕೊಡಲು ಆಗುವುದಿಲ್ಲ. ಸರಕು ಚೆನ್ನಾಗಿದ್ದರೆ ಕೊಳ್ಳುತ್ತಾನೆ, ಇಲ್ಲದಿದ್ದರೆ ಇಲ್ಲ. ಯಾವ ಕಂಪನಿ ನಿಜವಾಗಿ ಕಲಿಯುತ್ತಿದೆ ಅನ್ನುವುದು ಸರ್ಕಾರಕ್ಕೆ ಪುಕ್ಕಟೆಯಾಗಿ ಗೊತ್ತಾಗುತ್ತದೆ. ಲ್ಯಾಟಿನ್ ಅಮೆರಿಕದ ಕಂಪನಿಗಳಿಗೂ ಸಹಾಯ ಸಿಕ್ಕಿತ್ತು. ಕೊರಿಯಾದಲ್ಲಿ ಸಹಾಯದ ಜೊತೆ ಪರೀಕ್ಷೆಯೂ ಇತ್ತು. ನನ್ನ ಪ್ರಕಾರ ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಪೊಹಾಂಗ್ ಉಕ್ಕಿನ ಕಾರ್ಖಾನೆಯನ್ನೇ ನೋಡಿ. ಕಬ್ಬಿಣದ ಅದಿರಿಲ್ಲ, ಒಳ್ಳೆಯ ಕಲ್ಲಿದ್ದಲಿಲ್ಲ, ಅನುಭವವಂತೂ ಇಲ್ಲವೇ ಇಲ್ಲ. ಇದು ನಡೆಯುವ ಯೋಜನೆಯಲ್ಲ ಎಂದು ವಿಶ್ವ ಬ್ಯಾಂಕ್ ಹೇಳಿತು. 1965ರ ಒಪ್ಪಂದದಿಂದ ಜಪಾನ್ ಕೊಡುತ್ತಿದ್ದ ಪರಿಹಾರದ ಹಣದಲ್ಲಿ ಒಂದು ಭಾಗವನ್ನು ಕೊರಿಯಾ ಇದಕ್ಕೆ ಸುರಿಯಿತು. ಜಪಾನಿನ ಕಂಪನಿಗಳಿಂದಲೇ ಕೆಲಸ ಕಲಿತರು. 1973ರಲ್ಲಿ ಉಕ್ಕು ಹರಿಯಿತು. ಆ ಉಕ್ಕು ಹಡಗಾಯಿತು, ಕಾರಾಯಿತು.

ಬೆಲೆಯನ್ನೂ ಹೇಳಲೇಬೇಕು. 1970ರಲ್ಲಿ ರಾಜಧಾನಿ ಸೋಲ್‌ನ ಉಡುಪು ಕಾರ್ಮಿಕ ಜೋನ್ ತೇ-ಇಲ್, ಇರುವ ಕಾರ್ಮಿಕ ಕಾನೂನನ್ನಾದರೂ ಪಾಲಿಸಿ ಎಂದು ಕೂಗುತ್ತಾ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಅವನಿಗೆ 22 ವರ್ಷ. ಸಂಘ ಕಟ್ಟಲು ಬಿಡದ, ಪ್ರಶ್ನೆ ಕೇಳಲು ಬಿಡದ ಆಡಳಿತದ ಅಡಿಯಲ್ಲಿ ಈ ಬೆಳವಣಿಗೆ ನಡೆಯಿತು. ಅದನ್ನು ಮರೆತು ಬರೀ ರಫ್ತಿನ ಅಂಕಿ ಹೇಳುವುದು ಅನ್ಯಾಯ. ದೊಡ್ಡ ಮನೆತನಗಳ ಕಂಪನಿಗಳು ಮಿತಿಮೀರಿ ಸಾಲ ಮಾಡಿದವು. 1997ರಲ್ಲಿ ಅದೆಲ್ಲ ಕುಸಿದು ದೇಶ ಸಾಲಕ್ಕಾಗಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಾಗಿಲಿಗೆ ಹೋಯಿತು.

ಇಷ್ಟೇ ರಫ್ತಿನ ಮೇಲೆ ನಿಂತು, ಇಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳದೆ ಹೋದದ್ದು ತೈವಾನ್. ಅಲ್ಲಿ ಸಣ್ಣ, ಮಧ್ಯಮ ಕಂಪನಿಗಳೇ ಜಾಸ್ತಿ, ಸಾಲ ಕಡಿಮೆ. ಸಂಶೋಧನೆಯ ಭಾರವನ್ನು ಸರ್ಕಾರ ಹೊತ್ತಿತು. 1973ರಲ್ಲಿ ಕೈಗಾರಿಕಾ ಸಂಶೋಧನಾ ಸಂಸ್ಥೆ ಶುರುವಾಯಿತು. 1987ರಲ್ಲಿ ಅದರ ಬೆನ್ನ ಮೇಲೆ ಹುಟ್ಟಿದ ಚಿಪ್ ಕಂಪನಿ ಟಿಎಸ್‌ಎಂಸಿ.

ಇವತ್ತು ಈ ದಾರಿ ಹಿಡಿಯುವವರಿಗೆ ಒಂದು ಎಚ್ಚರಿಕೆ. 1995ರಲ್ಲಿ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಬಂದ ಮೇಲೆ, ರಫ್ತಿಗೆಂದು ನೇರವಾಗಿ ಸಬ್ಸಿಡಿ ಕೊಡುವುದಕ್ಕೆ ಹೆಚ್ಚಿನ ದೇಶಗಳಿಗೆ ನಿಷೇಧವಿದೆ. ತೀರಾ ಬಡ ದೇಶಗಳಿಗೆ ಮಾತ್ರ ವಿನಾಯಿತಿ. ಸಂಶೋಧನೆ, ತರಬೇತಿ, ಬಂದರು, ವಿದ್ಯುತ್ ಇವುಗಳ ಮೂಲಕ ಸಹಾಯ ಮಾಡಲು ಈಗಲೂ ಜಾಗವಿದೆ.

ಹೊರಗಿನ ಕಂಪನಿಗಳನ್ನು ಕರೆಯುವುದು

ಸ್ವಂತ ಕಂಪನಿ ಬೆಳೆಯುವ ತನಕ ಕಾಯಲು ಪುರುಸೊತ್ತಿಲ್ಲ, ಸಾಲ ಮಾಡುವ ಧೈರ್ಯವೂ ಇಲ್ಲ ಅಂದರೆ ಇದು ಇದೆ. ಸಿಂಗಪುರ 1961ರಲ್ಲೇ ಆರ್ಥಿಕ ಅಭಿವೃದ್ಧಿ ಮಂಡಳಿ ಮಾಡಿ, ಜುರಾಂಗ್‌ನ ಜೌಗು ನೆಲವನ್ನು ಕೈಗಾರಿಕಾ ಪ್ರದೇಶ ಮಾಡಿತು. ಐರ್ಲೆಂಡ್ 1959ರಲ್ಲಿ ಶಾನನ್ ವಿಮಾನ ನಿಲ್ದಾಣದ ಪಕ್ಕ ಮುಕ್ತ ವಲಯ ತೆರೆಯಿತು. ಮಲೇಷ್ಯಾದ ಪೆನಾಂಗ್‌ಗೆ 1972ರಲ್ಲಿ ಇಂಟೆಲ್ ಬಂತು. ವಿಯೆಟ್ನಾಂ 1986ರ ದೊಯ್ ಮೊಯ್ ಸುಧಾರಣೆಯ ನಂತರ ಬಾಗಿಲು ತೆರೆಯಿತು.

ಕೆಲಸ ಬೇಗ ಬರುತ್ತದೆ, ಡಾಲರೂ ಬರುತ್ತದೆ. ಕಾರ್ಖಾನೆ ಮುಚ್ಚಿದರೆ ಬಂಡವಾಳದ ನಷ್ಟ ಅವರದ್ದು. ಹಾಗಾದರೆ ಎಲ್ಲರೂ ಇದನ್ನೇ ಮಾಡಬಹುದಲ್ವಾ? ಕಲಿಕೆಯ ಪ್ರಶ್ನೆ ಕೇಳಿದಾಗ ಉತ್ತರ ತಡವರಿಸುತ್ತದೆ. ಅಮೆರಿಕ, ಕೆನಡಾ ಜೊತೆಗಿನ ವ್ಯಾಪಾರ ಒಪ್ಪಂದ 1994ರಲ್ಲಿ ಜಾರಿಗೆ ಬಂದ ಮೇಲೆ ಮೆಕ್ಸಿಕೊದ ರಫ್ತು ಜೋರಾಗಿ ಏರಿತು. ಜನರ ತಲಾ ಆದಾಯ ಮಾತ್ರ ಆಮೆ ನಡಿಗೆಯಲ್ಲೇ ಉಳಿಯಿತು. ಬಿಡಿಭಾಗ ಹೊರಗಿಂದ ಬಂದು, ಜೋಡಣೆಯಾಗಿ ಹೊರಗೇ ಹೋದರೆ ಒಳಗೆ ಉಳಿಯುವುದು ಕೂಲಿ ಮಾತ್ರ. ವಿಯೆಟ್ನಾಂ ರಫ್ತಿನಲ್ಲೂ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ವಿದೇಶಿ ಕಂಪನಿಗಳದ್ದೇ. ಐರ್ಲೆಂಡಿನಲ್ಲಿ ಕಂಪನಿಗಳ ಲಾಭ ಸೇರಿ ಜಿಡಿಪಿ ಎಷ್ಟು ಉಬ್ಬಿದೆ ಅಂದರೆ, ಜನರ ನಿಜ ಸ್ಥಿತಿ ತಿಳಿಯಲು ಅಲ್ಲಿನ ಅಂಕಿಅಂಶ ಇಲಾಖೆ ಬೇರೆಯದೇ ಅಳತೆ ಮಾಡಿಕೊಳ್ಳಬೇಕಾಯಿತು.

ಕಲಿಕೆ ಹೇಗೆ ಹರಡುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಬಾಂಗ್ಲಾದೇಶದ್ದು. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಸ್ಥಳೀಯ ಕಂಪನಿ ಕೊರಿಯಾದ ದೇವೂ ಕಂಪನಿ ಜೊತೆ ಕೈಜೋಡಿಸಿ 130 ಜನರನ್ನು ತರಬೇತಿಗೆ ಕೊರಿಯಾಕ್ಕೆ ಕಳಿಸಿತು. ಹೊಲಿಗೆ, ಗುಣಮಟ್ಟ, ಮಾರಾಟ ಎಲ್ಲ ಕಲಿತು ಬಂದರು. ಮುಂದಿನ ವರ್ಷಗಳಲ್ಲಿ ಅವರಲ್ಲಿ 115 ಜನ ಆ ಕಂಪನಿ ಬಿಟ್ಟರು. ಸ್ವಂತ ಕಾರ್ಖಾನೆ ತೆರೆದರು, ಇಲ್ಲವೇ ಹೊಸ ಕಾರ್ಖಾನೆಗಳನ್ನು ಸೇರಿದರು. ಒಂದು ಕಂಪನಿಗೆ ಅದು ನಷ್ಟ, ದೇಶಕ್ಕೆ ಒಂದು ಇಡೀ ಉದ್ಯಮ ಸಿಕ್ಕಿತು. ಇವತ್ತು ಬಾಂಗ್ಲಾದೇಶದ ರಫ್ತಿನಲ್ಲಿ ಶೇ. 80ಕ್ಕೂ ಹೆಚ್ಚು ಸಿದ್ಧ ಉಡುಪು. ಲಕ್ಷಾಂತರ ಹೆಣ್ಣುಮಕ್ಕಳ ಕೈಗೆ ಸಂಬಳ ಬಂತು. ಅದೇ ದೇಶದಲ್ಲಿ 2013ರಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು ಅನ್ನುವುದೂ ಇದೇ ಲೆಕ್ಕಕ್ಕೆ ಸೇರಬೇಕು.

ನೆಲದಡಿಯ ಸಂಪತ್ತು

ವಜ್ರ, ಎಣ್ಣೆ, ತಾಮ್ರ ಇದ್ದರೆ ಡಾಲರಿನ ಚಿಂತೆ ಇಲ್ಲ. ಆದರೆ ಗಣಿ ಕೊಡುವ ಕೆಲಸ ಕಡಿಮೆ. ಡಾಲರ್ ಹೊಳೆಯಾಗಿ ಬಂದಾಗ ದೇಶದ ಕರೆನ್ಸಿ ದುಬಾರಿಯಾಗುತ್ತದೆ, ಉಳಿದ ರಫ್ತುಗಳು ಸಾಯುತ್ತವೆ. ಜಗಳ, ಲೂಟಿ, ಲಂಚಕ್ಕೆ ದಾರಿಯಾಗುತ್ತದೆ. ಇದನ್ನು ಗೆದ್ದವರಲ್ಲಿ ಬೋಟ್ಸ್ವಾನಾ ಮುಖ್ಯ. 1966ರಲ್ಲಿ ಸ್ವತಂತ್ರವಾದಾಗ ಜಗತ್ತಿನ ಕಡುಬಡ ದೇಶಗಳಲ್ಲೊಂದು. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ವಜ್ರದ ದೊಡ್ಡ ಕಂಪನಿ ಡಿ ಬಿಯರ್ಸ್ ಜೊತೆ ಚೌಕಾಸಿ ಮಾಡಿ ಅರ್ಧ ಪಾಲು ಪಡೆಯಿತು. ಹಣವನ್ನು ರಸ್ತೆ, ಶಾಲೆ, ಆಸ್ಪತ್ರೆಗೆ ಹಾಕಿತು, ಮಿಕ್ಕಿದ್ದನ್ನು ಪುಲಾ ನಿಧಿ ಎಂಬ ಉಳಿತಾಯ ನಿಧಿಯಲ್ಲಿ ಇಟ್ಟಿತು. ಅಷ್ಟಾದರೂ ಅಲ್ಲಿ ನಿರುದ್ಯೋಗ ಮತ್ತು ಅಸಮಾನತೆ ಈಗಲೂ ಜಾಸ್ತಿ. ಗಣಿ ಹಣದಿಂದ ಬೇರೆ ಉದ್ಯಮ ಕಟ್ಟುವುದು ಅದಕ್ಕೂ ಕಷ್ಟವಾಗಿದೆ.

ಸೇವೆಗಳು

ಸಾಫ್ಟ್‌ವೇರ್, ಕಾಲ್ ಸೆಂಟರ್, ಪ್ರವಾಸೋದ್ಯಮ. ಬಂದರು ಬೇಡ, ಭಾರೀ ಯಂತ್ರ ಬೇಡ. ಭಾರತ ಮತ್ತು ಫಿಲಿಪೀನ್ಸ್ ಇದರಿಂದ ಒಳ್ಳೆಯ ಡಾಲರ್ ಗಳಿಸಿವೆ. ಕಲಿಕೆಯೂ ಇದೆ. ಸೋಲುವುದು ಮೊದಲ ಪ್ರಶ್ನೆಯಲ್ಲಿ. ಭಾರತದ ಐಟಿ ಉದ್ಯಮದಲ್ಲಿ ಇರುವುದು 50 ಲಕ್ಷಕ್ಕೂ ಹೆಚ್ಚು ಜನ, ದೇಶದಲ್ಲಿ ದುಡಿಯುವವರು 50 ಕೋಟಿಗೂ ಹೆಚ್ಚು. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿಗೆ ಉಡುಪು ಕಾರ್ಖಾನೆ ಕೆಲಸ ಕೊಡುತ್ತದೆ, ಸಾಫ್ಟ್‌ವೇರ್ ಕಂಪನಿ ಕೊಡುವುದಿಲ್ಲ. ದೊಡ್ಡ ದೇಶಕ್ಕೆ ಇದು ಜೊತೆಗಿರಬೇಕಾದ ದಾರಿ, ಒಂದೇ ದಾರಿ ಆಗಲಾರದು.

ಯಾರಿಗೆ ಯಾವುದು?

ಜನಸಂಖ್ಯೆ ದೊಡ್ಡದು, ಹೆಚ್ಚಿನವರು ಹೊಲದಲ್ಲಿ, ಸಮುದ್ರ ಹತ್ತಿರ: ಇಂಥ ದೇಶಕ್ಕೆ ಹೊಲದಿಂದ ಶುರು ಮಾಡಿ, ಕೂಲಿ ಜಾಸ್ತಿ ಬೇಡುವ ರಫ್ತು ಕಾರ್ಖಾನೆಗೆ ಹೋಗುವುದು ಅತ್ಯಂತ ಪರೀಕ್ಷಿತ ದಾರಿ. ಸರ್ಕಾರ ಬಲವಾಗಿದ್ದರೆ ಸ್ವಂತ ಕಂಪನಿಗಳ ಮೇಲೆ ಪಣ ಕಟ್ಟಬಹುದು. ಬಲವಿಲ್ಲದಿದ್ದರೆ ದೇಶವಿಡೀ ಸರಿಪಡಿಸಲು ಹೋಗದೆ ಒಂದು ಬಂದರಿನ ಪಕ್ಕ, ಒಂದು ವಲಯದಲ್ಲಿ ವಿದ್ಯುತ್, ರಸ್ತೆ, ಕಸ್ಟಮ್ಸ್ ಸರಿ ಮಾಡಿದರೂ ಸಾಕು. ಚೀನಾ 1980ರಲ್ಲಿ ಶೆನ್‌ಜೆನ್‌ನಲ್ಲಿ ಮಾಡಿದ್ದು ಅದನ್ನೇ. ಮಾರಿಷಸ್ 1970ರಲ್ಲಿ ರಫ್ತು ವಲಯದ ಕಾನೂನು ತಂದು, ಸಕ್ಕರೆಯೊಂದನ್ನೇ ನಂಬಿದ್ದ ದೇಶವನ್ನು ಉಡುಪಿನ ಕಡೆ ತಿರುಗಿಸಿತು.

ದೇಶ ಚಿಕ್ಕದಾಗಿದ್ದರೆ ಆಮದು ತಡೆಯುವ ದಾರಿಯನ್ನು ಬಿಟ್ಟೇಬಿಡಿ. ಮಾರುಕಟ್ಟೆಯೇ ಇಲ್ಲದ ಕಡೆ ರಕ್ಷಣೆ ಯಾರಿಗೆ? ಹೊರಗಿನ ಕಂಪನಿ ಮತ್ತು ಸೇವೆಗಳು ಅದಕ್ಕೆ ಒಗ್ಗುತ್ತವೆ. ಸಮುದ್ರವೇ ಇಲ್ಲದ ದೇಶಕ್ಕೆ ಸಾಗಣೆ ಖರ್ಚೇ ಶತ್ರು. ಇಥಿಯೋಪಿಯಾ 2016ರಲ್ಲಿ ಹವಾಸ್ಸಾದಲ್ಲಿ ಉಡುಪಿನ ದೊಡ್ಡ ಕೈಗಾರಿಕಾ ವಲಯ ತೆರೆಯಿತು. ಒಳಯುದ್ಧದ ಕಾರಣಕ್ಕೆ 2022ರ ಜನವರಿಯಲ್ಲಿ ಅಮೆರಿಕ ಸುಂಕ ವಿನಾಯಿತಿ ಹಿಂತೆಗೆದುಕೊಂಡಿತು, ಕಂಪನಿಗಳು ಕಾಲು ಕಿತ್ತವು. ಒಂದೇ ಗಿರಾಕಿ ದೇಶವನ್ನು ನೆಚ್ಚಿಕೊಂಡು ಯೋಜನೆ ಹಾಕಬಾರದು.

ಬೊಕ್ಕಸ ಖಾಲಿಯಾಗಿದ್ದರೆ? ದುಡ್ಡು ಕೇಳದ ಸುಧಾರಣೆಗಳಿಂದ ಶುರು ಮಾಡಬಹುದು. ರೈತ ತನ್ನ ಬೆಳೆಯನ್ನು ಬೇಕಾದಲ್ಲಿ ಮಾರಲು ಬಿಡುವುದು, ಕರೆನ್ಸಿಯನ್ನು ಸುಳ್ಳು ಬೆಲೆಗೆ ಕಟ್ಟಿಹಾಕದಿರುವುದು, ರಫ್ತಿಗೆ ಬೇಕಾದ ಕಚ್ಚಾ ಸರಕನ್ನು ಸುಂಕವಿಲ್ಲದೆ ಒಳಗೆ ಬಿಡುವುದು. ಬಾಂಗ್ಲಾದೇಶದ ಉಡುಪು ಉದ್ಯಮಕ್ಕೆ ಈ ಕೊನೆಯ ಅನುಕೂಲ ದೊಡ್ಡ ಆಸರೆಯಾಯಿತು.

ಮಧ್ಯಮ ಆದಾಯಕ್ಕೆ ಆಗಲೇ ಏರಿದ ದೇಶಗಳ ಲೆಕ್ಕ ಬೇರೆ. ಕೂಲಿ ಏರಿರುತ್ತದೆ, ಅಗ್ಗದ ಸರಕಿನಲ್ಲಿ ಬಡ ದೇಶಗಳು ಸೋಲಿಸುತ್ತವೆ, ದುಬಾರಿ ಸರಕು ಮಾಡಲು ಇನ್ನೂ ಬರುವುದಿಲ್ಲ. ಇಲ್ಲಿ ವಿಶ್ವವಿದ್ಯಾಲಯ, ಸಂಶೋಧನೆ, ಕಂಪನಿಗಳ ನಡುವಿನ ಪೈಪೋಟಿ ಮುಖ್ಯ. ಕೊರಿಯಾ ಈಗ ಜಿಡಿಪಿಯ ಶೇ. 5ರ ಆಸುಪಾಸನ್ನು ಸಂಶೋಧನೆಗೆ ಹಾಕುತ್ತದೆ.

ಯಾವುದೇ ದೇಶದ ಹೊಸ ಕೈಗಾರಿಕಾ ನೀತಿ ನಿಮ್ಮ ಕಣ್ಣಿಗೆ ಬಿದ್ದರೆ ಸಬ್ಸಿಡಿಯ ಪುಟವನ್ನು ಮೊದಲು ಓದಿ. ಎಷ್ಟು ಕೋಟಿ ಅನ್ನುವ ಸಾಲು ದಾಟಿ ಮುಂದೆ ಹೋಗಿ. ಯಾವ ವರ್ಷದೊಳಗೆ ಎಷ್ಟು ರಫ್ತು ಆಗಬೇಕು, ಆಗದಿದ್ದರೆ ಯಾವ ತಾರೀಖಿಗೆ ಸಹಾಯ ನಿಲ್ಲುತ್ತದೆ, ನಿಲ್ಲಿಸುವ ಅಧಿಕಾರ ಯಾರಿಗೆ ಅನ್ನುವುದು ಅಲ್ಲಿ ಬರೆದಿದೆಯೇ ನೋಡಿ. ಬರೆದಿದ್ದರೆ ಅದು ಕೊರಿಯಾದ ಕಡೆಯ ನೀತಿ. ಬರೆದಿಲ್ಲದಿದ್ದರೆ, ಹೆಸರು ಏನೇ ಇರಲಿ, ಅದನ್ನು ಆಮದು ತಡೆಯುವ ಹಳೇ ದಾರಿಯ ಲೆಕ್ಕದಲ್ಲೇ ಇಟ್ಟು ತೂಗಿ.